ಅದೇ ಅಂಗಿ

ಬಿಳಿ ಅರ್ಧ ತೋಳಿನ ಹತ್ತಿ ಅಂಗಿ, ಬೂದು ಬಣ್ಣದ ಸಡಿಲ ಪ್ಯಾಂಟು. ಮದುವೆಗೂ ಇದೇ, ತಿಥಿಗೂ ಇದೇ, ಬ್ಯಾಂಕಿಗೂ ಇದೇ. ಮನೆಗೆ ಬಂದರೆ ಪ್ಯಾಂಟಿನ ಜಾಗಕ್ಕೆ ಲುಂಗಿ ಬರುತ್ತದೆ, ಅಂಗಿ ಮಾತ್ರ ಕದಲುವುದಿಲ್ಲ. ಇದನ್ನು ಕಂಡವರಲ್ಲಿ ಕೆಲವರು ನನ್ನನ್ನು ಸರಳಜೀವಿ ಅನ್ನುತ್ತಾರೆ, ಕೆಲವರು ಜಿಪುಣ ಅನ್ನುತ್ತಾರೆ. ನನ್ನ ಹೆಂಡತಿ ಸೋಮಾರಿ ಅನ್ನುತ್ತಾಳೆ. ಸಾಕ್ಷ್ಯಾಧಾರಗಳೆಲ್ಲ ಅವಳ ಕೈಲೇ ಇರುವುದರಿಂದ ನಾನು ವಾದಕ್ಕೆ ಇಳಿಯುವುದಿಲ್ಲ.

ಈಚೆಗೆ ಈ ಸೋಮಾರಿತನಕ್ಕೆ ಒಂದು ಘನತೆ ಬಂದಿದೆ. ಬರಾಕ್ ಒಬಾಮ ಅಧ್ಯಕ್ಷರಾಗಿದ್ದಾಗ ಹೆಚ್ಚಾಗಿ ಬೂದು ಇಲ್ಲವೇ ನೀಲಿ ಸೂಟನ್ನೇ ಹಾಕುತ್ತಿದ್ದರು. ಏನು ಉಡಬೇಕು, ಏನು ತಿನ್ನಬೇಕು ಎಂಬುದಕ್ಕೆಲ್ಲ ತಲೆ ಸವೆಸಲಾರೆ ಎಂದು 2012ರಲ್ಲಿ ಹೇಳಿದ್ದರು. 'ಅಪ್ಪಾ, ನೀನೂ ಅದೇ ಥರ ಬ್ರೈನ್ ಸೇವ್ ಮಾಡ್ತಿದ್ದೀಯ' ಎಂದು ಮಗ ಹುರಿದುಂಬಿಸುತ್ತಾನೆ. ಉಳಿಸಿದ ತಲೆಯಲ್ಲಿ ಒಬಾಮ ದೇಶ ಆಳಿದರು. ನಾನು ಹೀರೇಕಾಯಿ ತಗೊಳ್ಳಲೋ ಸೋರೇಕಾಯಿ ತಗೊಳ್ಳಲೋ ಎಂದು ತರಕಾರಿ ಗಾಡಿಯ ಮುಂದೆ ನಿಂತಿರುತ್ತೇನೆ.

ನನಗೆ ಹೆಚ್ಚು ಹಿಡಿಸುವುದು ಸ್ಟೀವ್ ಜಾಬ್ಸ್ ಕಥೆ. ಜಪಾನಿನ ಸೋನಿ ಕಂಪನಿಯಲ್ಲಿ ಎಲ್ಲರೂ ಸಮವಸ್ತ್ರದಲ್ಲಿ ಇರುವುದನ್ನು ಕಂಡು ಆತನಿಗೆ ಆಸೆಯಾಯಿತು. ವಸ್ತ್ರ ವಿನ್ಯಾಸಕಾರ ಇಸ್ಸೆ ಮಿಯಾಕೆ ಕೈಲಿ ಮಾದರಿ ಮಾಡಿಸಿ ತಂದು ಆ್ಯಪಲ್ ನೌಕರರ ಮುಂದಿಟ್ಟರೆ, ಅವರು ಕೂಗಾಡಿ ವೇದಿಕೆಯಿಂದ ಇಳಿಸಿಬಿಟ್ಟರು. ಸರಿ, ತನಗೊಬ್ಬನಿಗಾದರೂ ಇರಲಿ ಎಂದು ಅದೇ ಮಿಯಾಕೆಯಿಂದ ಕಪ್ಪು ಟರ್ಟಲ್‌ನೆಕ್ ಅಂಗಿಗಳನ್ನು ನೂರರ ಲೆಕ್ಕದಲ್ಲಿ ಮಾಡಿಸಿಕೊಂಡರು. ಬದುಕಿರುವಷ್ಟು ದಿನಕ್ಕೂ ಸಾಕಾಗುವಷ್ಟು. ಅನುಭವಸ್ಥರ ಕೆಲಸ ಅಂದರೆ ಇದು. ಒಂದೇ ಥರದ ಬಟ್ಟೆ ಹಾಕುವವನಿಗೆ ಯೋಚನೆ ಇರುವುದಿಲ್ಲ ಅನ್ನುವವರಿಗೆ, ಅದೇ ಬಟ್ಟೆ ಮತ್ತೆ ಸಿಗದೆ ಅಂಗಡಿ ಅಂಗಡಿ ಅಲೆಯುವ ಪಾಡು ಗೊತ್ತಿಲ್ಲ.

'ಆ ಥಾನು ಮುಗೀತು ಸಾರ್, ಅದರ ಹಾಗೇ ಇರೋದು ಕೊಡ್ತೀನಿ' ಎಂದು ಅಂಗಡಿಯವರು ಹರಡುವ ಬಿಳಿಯಲ್ಲಿ ಒಂದಕ್ಕೆ ನೀಲಿ ಛಾಯೆ, ಇನ್ನೊಂದಕ್ಕೆ ಕೆನೆ ಛಾಯೆ, ಮತ್ತೊಂದು ಮುಟ್ಟಿದರೆ ಪಾಲಿಯೆಸ್ಟರು. ನನ್ನ ಟೈಲರ್ ಅಳತೆ ಪುಸ್ತಕದಲ್ಲಿ ನನ್ನ ಹೆಸರಿನ ಹಾಳೆಗೆ ಮೂಲ ಬಟ್ಟೆಯ ತುಣುಕೊಂದನ್ನು ಗುಂಡುಸೂಜಿಯಲ್ಲಿ ಚುಚ್ಚಿ ಇಟ್ಟಿದ್ದಾರೆ. ಪ್ರತಿ ಸಲವೂ ಟೇಪು ಹೊಟ್ಟೆಯ ಸುತ್ತ ಮಾತ್ರ ಬರುತ್ತದೆ. 'ಮಿಕ್ಕಿದ್ದೆಲ್ಲ ಹಾಗೇ ಇದೆ ಬಿಡಿ ಸಾರ್' ಎಂಬುದು ಅವರ ಸಮಾಧಾನ. ಅಂಗಿಯಲ್ಲಿ ಮೊದಲು ಸಾಯುವುದು ಕಾಲರು. ಗಡ್ಡದ ಕೂಳೆ ಉಜ್ಜಿ ಉಜ್ಜಿ ಮಡಿಕೆಯ ಗೆರೆಯುದ್ದಕ್ಕೂ ಎಳೆ ಬಿಡುತ್ತದೆ. ಅವರು ಹೊಲಿಗೆ ಬಿಚ್ಚಿ, ಕಾಲರನ್ನು ಮಗುಚಿ, ಸವೆದ ಮುಖ ಅಡಿಗೆ ಹೋಗುವಂತೆ ಹೊಲಿದು ಕೊಡುತ್ತಾರೆ. ಅಂಗಿಗೆ ಮತ್ತೊಂದು ಆಯಸ್ಸು. ಅವರ ಅಂಗಡಿಯ ಹುಡುಗ ಮಾತ್ರ ಇದನ್ನು ಕಲಿಯಲು ಒಪ್ಪಿಲ್ಲ. 'ಹೊಸದೇ ತಗೊಳ್ಳಿ ಅಂಕಲ್' ಅನ್ನುತ್ತಾನೆ.

ನಮ್ಮ ಎಚ್. ನರಸಿಂಹಯ್ಯನವರಿಗೆ ಅದೇ ಬಟ್ಟೆ ಹುಡುಕುವ ಈ ಕಷ್ಟ ಇದ್ದಿರಲಾರದು. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಮುಗಿಸಿ ಬಂದವರು, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಕುರ್ಚಿಯಲ್ಲಿ ಕೂತಾಗಲೂ ಅದೇ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೂ ಅದೇ. ಅವರ ಗುರು ಗಾಂಧೀಜಿ 1921ರ ಸೆಪ್ಟೆಂಬರ್ 22ರಂದು ಮಧುರೈಯಲ್ಲಿ ಅಂಗಿ ಟೋಪಿ ಬಿಟ್ಟು ತುಂಡುಪಂಚೆಗೆ ಇಳಿದಾಗ, ಮೊದಲು ಹೇಳಿದ್ದು ಅಕ್ಟೋಬರ್ 31ರ ತನಕವಾದರೂ ಹೀಗಿರುತ್ತೇನೆ ಎಂದು. ಆ ಅಕ್ಟೋಬರು ಮುಗಿಯಲೇ ಇಲ್ಲ. ಹತ್ತು ವರ್ಷದ ಮೇಲೆ ಲಂಡನ್ನಿನ ಅರಮನೆಗೂ ಹಾಗೇ ಹೋದರು. ನನ್ನದೂ ಬೇಸಿಗೆ ಕಳೆಯುವ ತನಕ ಎಂದೇ ಶುರುವಾದದ್ದು. ಅವರು ಉಟ್ಟಿದ್ದು ಬಡವರಿಗಾಗಿ, ನಾನು ಬೆವರುಗುಳ್ಳೆಗಾಗಿ. ಅಷ್ಟು ವ್ಯತ್ಯಾಸ ಇದ್ದೇ ಇದೆ.

ಯುಗಾದಿಗೆ ಮನೆಯಲ್ಲಿ ಎಲ್ಲರಿಗೂ ಹೊಸ ಬಟ್ಟೆ. ನನ್ನದು ಹೊಸದು ಹೌದೋ ಅಲ್ಲವೋ ಎಂದು ತಿಳಿಯಲು ಮೂಲೆಯಲ್ಲಿ ಹಚ್ಚಿದ ಅರಿಶಿನದ ಬೊಟ್ಟು ಹುಡುಕಬೇಕು. ಮದುವೆ ಮುಂಜಿಗಳಲ್ಲಿ ಬಂದ ಶರ್ಟ್ ಪೀಸುಗಳು ಬೀರುವಿನಲ್ಲಿ ಸ್ವಲ್ಪ ಕಾಲ ತಂಗಿದ್ದು, ಬೇರೆ ಮದುವೆಗಳಿಗೆ ಹೊರಡುತ್ತವೆ. ಕೆಂಪು ಗೆರೆಯದೊಂದು ಊರೆಲ್ಲ ಸುತ್ತಿ ನಮ್ಮಲ್ಲಿಗೇ ವಾಪಸು ಬಂತು.

'ಬೆಳಿಗ್ಗೆ ನೈಟಿಯ ಮೇಲೊಂದು ವೇಲ್ ಹೊದ್ದು ರಂಗೋಲಿ ಹಾಕ್ತಾರಲ್ಲ ನಮ್ಮ ಬೀದಿಯ ಹೆಂಗಸರು, ಅದು ಸಮವಸ್ತ್ರ ಅಲ್ವಾ?' ಎಂದು ಹೆಂಡತಿಯನ್ನು ಒಮ್ಮೆ ಕೇಳಿದೆ.

'ಅದರಲ್ಲಿ ಹೂವಾದ್ರೂ ಬೇರೆ ಬೇರೆ ಇರುತ್ತೆ ರೀ' ಎಂದಳು.

ಇಷ್ಟಾದರೂ ನಾನು ಬಿಡದಿರುವುದು ಜೇಬಿನ ದೆಸೆಯಿಂದ. ಪೆನ್ನು ಎಲ್ಲಿ, ಕನ್ನಡಕ ಎಲ್ಲಿ, ಚಿಲ್ಲರೆ ಎಲ್ಲಿ ಎಂದು ಕೈಗೆ ಗೊತ್ತು, ಕತ್ತಲಲ್ಲೂ ತಡಕಾಡುವುದಿಲ್ಲ. ಹೊಸ ಅಂಗಿ ಹಾಕಿಕೊಂಡ ದಿನ ಮನುಷ್ಯ ಆಗಾಗ ತನ್ನನ್ನೇ ನೋಡಿಕೊಳ್ಳುತ್ತಾನೆ, ಸಾಂಬಾರಿಗೆ ಹೆದರುತ್ತಾನೆ. ಹಳೆಯ ಅಂಗಿಯವನು ಬಾಗಿ ಊಟ ಮಾಡುತ್ತಾನೆ.

ಕಾಲರು ಎರಡನೆಯ ಸಲ ಸತ್ತ ಮೇಲೆ ಅಂಗಿ ಹಿತ್ತಿಲ ಕೆಲಸಕ್ಕೆ, ಆಮೇಲೆ ಅಡುಗೆಮನೆಯ ಮಸಿಬಟ್ಟೆಗೆ ಇಳಿಯುತ್ತದೆ. ಹೋದ ಸಲ ಧಾರವಾಡದ ಸೋದರತ್ತೆ ಕೌದಿ ಹೊಲಿಯುತ್ತಾರೆಂದು ತಿಳಿದು, ಒಗೆದು ಮಡಿಚಿದ ಹಳೆಯ ಅಂಗಿಗಳ ಗಂಟನ್ನೇ ಒಯ್ದೆ. ಅತ್ತೆ ಒಂದೊಂದನ್ನೇ ಬಿಡಿಸಿ, ಬೆಳಕಿಗೆ ಹಿಡಿದು, ಪಕ್ಕಕ್ಕೆ ಒಟ್ಟಿದರು. ಇಳಕಲ್ ಸೀರೆಯ ತುಂಡು, ಯಾರದೋ ಲಂಗ, ಹಸಿರು ಕುಪ್ಪಸ ಎಲ್ಲ ಮೇಲೆ ಹೋದವು.

'ಎಲ್ಲಾ ಒಂದ ಬಣ್ಣ ಅದಾವಲ್ಲೋ ತಮ್ಮಾ, ಮ್ಯಾಲೆ ಹಾಕಿದ್ರ ಕಳಿ ಬರೂದಿಲ್ಲ' ಎಂದರು. ಆಮೇಲೆ ನನ್ನ ಮುಖ ನೋಡಿ, 'ಇರ್ಲಿ ಬಿಡು, ಅರಿವಿ ಭಾಳ ಮೆತ್ತಗ ಅದ. ಒಳಗ ಹಾಕ್ತೀನಿ.'