ಚಕ್ಕುಲಿಗೆ ಸಿನಿಮಾ ಹಾಕಲು ಹೋದದ್ದು

ನಮ್ಮ ಅತ್ತಿಗೆ ಚಕ್ಕುಲಿ ಮಾಡಿ ಮಾರುತ್ತಾರೆ. ಅದಕ್ಕೊಂದು ವೆಬ್ ಆ್ಯಪ್ ಕಟ್ಟಿ, ಡಾಟ್ ಕಾಮ್ ಹೆಸರನ್ನೂ ಕೊಂಡುಕೊಟ್ಟ ಪುಣ್ಯಾತ್ಮ ನಾನೇ. ಮುಂದೆ ಮೂರು ಡಬ್ಲ್ಯೂ ಹಚ್ಚಿದರೆ ಅಂಗಡಿ ತೆರೆಯುತ್ತಿತ್ತು. ಬರೀ ಹೆಸರು ಹೊಡೆದರೆ ಶೂನ್ಯ.

"ಈ ಕಾಲದಲ್ಲಿ ಯಾರಪ್ಪಾ ಡಬ್ಲ್ಯೂ ಡಬ್ಲ್ಯೂ ಅಂತ ಕುಟ್ತಾ ಕೂರ್ತಾರೆ? ಆ ಡಬ್ಲ್ಯೂಗೆ ಅದೇನೋ ಸಿನಿಮಾ ಹಾಕಿದ್ದೆಯಲ್ಲ, ಇದಕ್ಕೂ ಹಾಕು."

ಅವರು ಹೇಳಿದ್ದು ಸಿನೇಮ್ ರೆಕಾರ್ಡಿನ ವಿಷಯ. ಡಿಎನ್‌ಎಸ್ ಪುಟ ತೆರೆದೆ. ಅಲ್ಲಿ ಬರೀ ಹೆಸರಿಗೆ ಇಟ್ಟಿರುವ ಗುರುತು ಆ್ಯಟ್ ಚಿಹ್ನೆ, ನೋಡಲು ಸಾಕ್ಷಾತ್ ಚಕ್ಕುಲಿ! ಶುಭಶಕುನ ಅಂದುಕೊಂಡು ಸಿನೇಮ್ ಹಾಕಿದೆ. ಕೆಂಪಕ್ಷರದಲ್ಲಿ ಉಗಿಸಿಕೊಂಡೆ.

ಸಿನೇಮ್ ಅನ್ನುವುದು ಅಡ್ಡಹೆಸರಿನ ವ್ಯವಹಾರ. ಊರಿಗೆಲ್ಲ ಪುಟ್ಟಣ್ಣ, ರೇಷನ್ ಕಾರ್ಡಿನಲ್ಲಿ ಸತ್ಯನಾರಾಯಣ ಇರುತ್ತಾನಲ್ಲ, ಹಾಗೆ. "ಪುಟ್ಟಣ್ಣನದು ಏನೇ ಇದ್ದರೂ ಸತ್ಯನಾರಾಯಣನನ್ನೇ ಕೇಳಿ, ನನ್ನ ಹತ್ತಿರ ಏನೂ ಇಲ್ಲ" ಎಂದು ಕೈಮುಗಿದುಬಿಡುವ ರೆಕಾರ್ಡು. ಇದು ಕೂತ ಹೆಸರಿನಲ್ಲಿ ಬೇರೆ ರೆಕಾರ್ಡು ಇರಕೂಡದು ಅಂತ 1987ರಲ್ಲೇ ಬರೆದಿಟ್ಟಿದ್ದಾರೆ. ಡಬ್ಲ್ಯೂಗೇನು, ಮನೆಯ ಕಿರಿಮಗ, ಯಾರ ಹೆಗಲಿಗೆ ಬೇಕಾದರೂ ಕೈಹಾಕಿಕೊಂಡು ತಿರುಗಬಹುದು. ಬರೀ ಹೆಸರು ಯಜಮಾನ. ಈ ಡೊಮೇನಿನ ಲೆಕ್ಕ ಯಾವ ಸರ್ವರಿನಲ್ಲಿದೆ ಎನ್ನುವ ಎನ್‌ಎಸ್, ಖಾತೆ ಯಾರ ಕೈಯಲ್ಲಿದೆ ಎನ್ನುವ ಎಸ್‌ಒಎ, ಕಾಗದಪತ್ರವೆಲ್ಲ ಅವನ ಹೆಸರಲ್ಲೇ. ಮದುವೆಮನೆ ಆರ್ಡರುಗಳ ಮೇಲ್ ಬರುವ ಎಂಎಕ್ಸ್ ಕೂಡ. ಇಷ್ಟು ಹೊತ್ತವನೇ "ಪಕ್ಕದ ಮನೇಲಿ ಕೇಳಿ" ಅಂದರೆ ಸಂಸಾರ ನಡೆದ ಹಾಗೇ!

ಎ ರೆಕಾರ್ಡು ಹಾಕಿ ನೇರ ಐಪಿ ನಂಬರು ಕೊಡೋಣವೆ? ಗಿಟ್‌ಹಬ್ ಪೇಜಸ್‌ನವರು 185.199.108.153ರಿಂದ ಶುರುಮಾಡಿ ಸಾಲಾಗಿ ನಾಲ್ಕು ಬಾಗಿಲು ತೋರಿಸುತ್ತಾರೆ. ನಮ್ಮ ಆ್ಯಪ್ ಮಾತ್ರ ಬಾಡಿಗೆ ಮನೆಯ ಸಂಸಾರ, ನಂಬರು ಯಾವಾಗ ಬದಲಾದೀತೋ ದೇವರೇ ಬಲ್ಲ. ಇವತ್ತಿನದನ್ನು ಬರೆದಿಟ್ಟರೆ ನಾಳೆ ಅತ್ತಿಗೆಯ ಗಿರಾಕಿಗಳು ಯಾರದೋ ಹಿತ್ತಿಲಲ್ಲಿ.

ಕೊನೆಗೆ ಕೈಹಿಡಿದದ್ದು ಒಂದು ಸಭ್ಯ ಸುಳ್ಳು. ಏಲಿಯಾಸ್ ಅಂತಲೋ, ಕ್ಲೌಡ್‌ಫ್ಲೇರ್‌ನಲ್ಲಾದರೆ ಸಿನೇಮ್ ಫ್ಲ್ಯಾಟನಿಂಗ್ ಅಂತಲೋ ಅದಕ್ಕೆ ನಾಮಕರಣ. ನಾವು ಹೆಸರು ಬರೆದುಕೊಟ್ಟರೆ ಸಾಕು. ಅವರು ಅದರ ಈಗಿನ ನಂಬರನ್ನು ತಾವೇ ವಿಚಾರಿಸಿಕೊಂಡು ಬಂದು, ಕೇಳಿದವರಿಗೆ "ಇದೇ ನಮ್ಮ ಎ ರೆಕಾರ್ಡು" ಎಂದು ಮುಖದ ಗೆರೆ ಅಲುಗದೆ ಹೇಳುತ್ತಾರೆ. ಹೆಸರು ಕೊಂಡ ಕಡೆ ಈ ಚಾಲಾಕಿತನ ಇರಲಿಲ್ಲ. ನೇಮ್‌ಸರ್ವರ್ ಬದಲಿಸಿ ಗಂಟುಮೂಟೆ ಕಟ್ಟಿದೆ.

"ಈಗ ಬರುತ್ತಾ?"

"ಎರಡು ದಿನ ಆಗಬಹುದು, ಹರಡಬೇಕು ಅತ್ತಿಗೆ."

ಹರಡುವುದು ಅಂತ ನಾವೆಲ್ಲ ಗಂಭೀರವಾಗಿ ಹೇಳುತ್ತೇವೆ, ಹರಡಲು ಅದೇನು ಸಂಕ್ರಾಂತಿ ಎಳ್ಳೇ? ಡಾಟ್ ಕಾಮ್ ಕಡೆಯಿಂದ ಬರುವ ಎನ್‌ಎಸ್ ಉತ್ತರಕ್ಕೆ 1,72,800 ಸೆಕೆಂಡು ಆಯಸ್ಸು. ಹಳೆಯದನ್ನು ನೆನಪಿಟ್ಟುಕೊಂಡ ಸರ್ವರುಗಳು ಅದನ್ನು ಮರೆಯುವ ತನಕ ನಾವು ಕಾಯುವುದು, ಅಷ್ಟೇ.

ಮೂರನೆಯ ದಿನ ಅತ್ತಿಗೆಯ ಫೋನು.

"ಅಂಗಡಿ ತೆರೀತು ಕಣಪ್ಪಾ, ಡಬ್ಲ್ಯೂ ಇಲ್ಲದೇನೇ! ಆದರೆ ನಿನ್ನೆಯಿಂದ ಒಂದೇ ಒಂದು ಮೇಲೂ ಬಂದಿಲ್ಲವಲ್ಲ?"

ಗಂಟುಮೂಟೆ ಕಟ್ಟುವಾಗ ಎಂಎಕ್ಸ್ ಹಳೇ ಮನೆಯಲ್ಲೇ ಉಳಿದಿತ್ತು.