ಕೀಲಿಕೈ ಯಾರ ಕಿಸೆಯಲ್ಲಿ?

ಬಾಗಿಲು ಬೇಕಾದವರು ಬನಶಂಕರಿ ಜಾತ್ರೆಗೆ ಬರಬೇಕು. ಬನದ ಹುಣ್ಣಿಮೆಯ ತೇರು ಮುಗಿದ ಮೇಲೂ ಚೊಳಚಗುಡ್ಡದ ಮಗ್ಗುಲಲ್ಲಿ ಕಟ್ಟಿಗೆಯ ಬಾಗಿಲು, ಚೌಕಟ್ಟುಗಳು ಮಾರಾಟಕ್ಕೆ ಸಾಲುಗಟ್ಟಿ ನಿಂತಿರುತ್ತವೆ. ಮನೆ ಕಟ್ಟಿಸುವವರು ಚೌಕಾಸಿ ಮಾಡಿ ಒಯ್ಯುತ್ತಾರೆ. ಇಲ್ಲಿಗೆ ಎಂದೂ ಬಾರದ ಗಿರಾಕಿ ಒಂದೇ: ಸಮುದಾಯ ಭವನ. ಅದಕ್ಕೆ ಬೇಕಾದದ್ದು ಬಾಗಿಲಲ್ಲ, ಕೀಲಿ.

ಮಲಪ್ರಭೆಯ ದಂಡೆಗುಂಟ ಭವನಗಳಿಗೇನೂ ಬರವಿಲ್ಲ. ಊರಿಗೆಲ್ಲ ಒಂದೇ ಅಂದರೆ ಯಾರಿಗೂ ಒಪ್ಪಿಗೆಯಾಗದು. ಜಾತಿಗೊಂದು ಭವನ, ಒಳಪಂಗಡ ಎರಡಾದರೆ ಭವನವೂ ಎರಡು. ರೊಕ್ಕಕ್ಕೇನು, ಸಂಸದರ ಕೈಯಲ್ಲಿ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 5 ಕೋಟಿ ರೂಪಾಯಿ, ಶಾಸಕರ ಕೈಯಲ್ಲಿ 2 ಕೋಟಿ. ಒಂದು ಚುನಾವಣೆಯ ಹಿಂದೆ ಭೂಮಿಪೂಜೆ, ಇನ್ನೊಂದರ ಮುಂದೆ ಉದ್ಘಾಟನೆ. ಕಲ್ಲಿನಲ್ಲಿ ಮಂತ್ರಿಗಳಿಂದ ಹಿಡಿದು ಗುತ್ತಿಗೆದಾರರವರೆಗೆ ಎಲ್ಲರ ಹೆಸರು ಕೆತ್ತಿದ ಮೇಲೆ ಜಾಗ ಉಳಿದರೆ ಊರಿನ ಹೆಸರು.

ಆಮೇಲೆ ಕೀಲಿ ಬೀಳುತ್ತದೆ. ಮಗಳ ಸೀಮಂತಕ್ಕೆ ಭವನ ಕೇಳಲು ಹೋದವರಿಗೆ, "ಕೀಲಿಕೈ ಅಧ್ಯಕ್ಷರ ಕಡೆ ಐತ್ರಿ" ಎಂಬ ಉತ್ತರ. ಅಧ್ಯಕ್ಷರು, "ನಾ ಕಾರ್ಯದರ್ಶಿ ಕೈಯಾಗ ಕೊಟ್ಟೀನಲ್ಲೋ ತಮ್ಮಾ" ಅನ್ನುತ್ತಾರೆ. ಕಾರ್ಯದರ್ಶಿ ದುಡಿಯಲು ಗೋವಾಕ್ಕೆ ಹೋಗಿದ್ದಾನೆ, ಕೀಲಿಕೈ ಸಮೇತ. ಸೀಮಂತ ರಸ್ತೆಯ ಮೇಲೆ ಶಾಮಿಯಾನ ಹಾಕಿಸಿ ನಡೆಯುತ್ತದೆ. ಅಷ್ಟರಲ್ಲಿ ಹಿಂದಿನ ಕಿಟಕಿಯಿಂದ ಜೋಳದ ಕಣಕಿ ಒಳಸೇರಿರುತ್ತದೆ. ಕಣಕಿಗೆ ಜಾತಿಯಿಲ್ಲ, ನಿಜ. ಆದರೂ ಅದು ತಪ್ಪಿಯೂ ಬೇರೆಯವರ ಭವನಕ್ಕೆ ಹೋಗುವುದಿಲ್ಲ.

2009ರ ನೆರೆ ಇಳಿದ ಮೇಲೆ ಸರ್ಕಾರ ‘ಆಸರೆ’ ಹೆಸರಿನಲ್ಲಿ ಹೊಸ ಊರುಗಳನ್ನೇ ಕಟ್ಟಿಸಿತು. ಗೆರೆ ಎಳೆದಂತೆ ಓಣಿ, ಅಚ್ಚು ಹಾಕಿದಂತೆ ಮನೆ. ಎಷ್ಟೋ ಕಡೆ ಎತ್ತು ಕಟ್ಟಲು, ತಿಪ್ಪೆ ಹಾಕಲು ಜಾಗವಿರಲಿಲ್ಲ. ಎತ್ತಿಲ್ಲದ ರೈತನೊಬ್ಬನನ್ನು ಇಂಜಿನಿಯರು ಕನಸಿನಲ್ಲಿ ಕಂಡಿದ್ದಿರಬೇಕು. ಮಂದಿ ಹೊಸ ಮನೆಗೆ ಕೀಲಿ ಜಡಿದು ಹಳೆ ಊರಿಗೆ ಮರಳಿದರು. 2019ರ ಆಗಸ್ಟಿನಲ್ಲಿ ಹೊಳಿ ಮತ್ತೆ ಅವರನ್ನು ಹುಡುಕಿಕೊಂಡು ಬಂತು.

ಬೆಂಗಳೂರಿನವರು ನಗಬೇಕಿಲ್ಲ. ಬಡಾವಣೆಯ ಶೇ 15ರಷ್ಟು ಜಾಗ ಉದ್ಯಾನ, ಆಟದ ಬಯಲಿಗೆ ಬಿಡಬೇಕೆಂದು ಬಿಡಿಎ ಕಾಯ್ದೆಯೇ ಹೇಳುತ್ತದೆ. ಹಾಗಿದ್ದೂ ರಾಜಮಹಲ್ ವಿಲಾಸ್ ಬಡಾವಣೆಯ ಉದ್ಯಾನದ ಜಾಗ ಖಾಸಗಿ ಆಸ್ಪತ್ರೆಗೆ ಮಂಜೂರಾಗಿತ್ತು. ಅದು ಉದ್ಯಾನವಾಗಿಯೇ ಉಳಿಯಬೇಕೆಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ 1991 ಬಂದಿತ್ತು. ನಮ್ಮಲ್ಲಿ ಒಳಸೇರುವುದು ಕಣಕಿ; ಅಲ್ಲಿ ನರ್ಸಿಂಗ್ ಹೋಮು.

ಇತ್ತ ಬನಶಂಕರಿ ಗುಡಿಯ ಮುಂದಿನ ಹರಿದ್ರಾ ತೀರ್ಥ ನೋಡಿ. 360 ಅಡಿ ಚೌಕದ ಹೊಂಡ, ಮೂರು ದಿಕ್ಕಿಗೆ ಕಲ್ಲಿನ ಮಂಟಪಗಳ ಸಾಲು. ನೆರಳಿನಲ್ಲಿ ರೊಟ್ಟಿ ಬುತ್ತಿ ಬಿಚ್ಚುವವರು, ರಾತ್ರಿಯೆಲ್ಲ ಕಂಪನಿ ನಾಟಕ ನೋಡಿ ಬೆಳಗಿನ ಜಾವ ಅಡ್ಡಾಗುವವರು ಯಾವ ಅಧ್ಯಕ್ಷರನ್ನೂ ಕೇಳುವುದಿಲ್ಲ. (ಹಿಂದಿನ ಕಾಲದ್ದೆಲ್ಲ ಎಲ್ಲರಿಗೂ ತೆರೆದಿತ್ತು ಎಂದು ನಾನೇನೂ ಹೇಳುತ್ತಿಲ್ಲ, ಆಗ ಕೀಲಿ ಬಾಗಿಲಿಗಲ್ಲ, ಮೆಟ್ಟಿಲಿಗೇ ಬೀಳುತ್ತಿತ್ತು.) ಕಟ್ಟಿಸಿದವರು ತಮ್ಮ ಭಾವಚಿತ್ರದ ಫ್ಲೆಕ್ಸ್ ಹಾಕಿಸಲು ಮರೆತಿದ್ದಾರೆ. ಇಂದಾಗಿದ್ದರೆ ಬಿಲ್ಲೇ ಪಾಸಾಗುತ್ತಿರಲಿಲ್ಲ.

ಮುಂದಿನ ಅನುದಾನಕ್ಕೆ ನನ್ನದೂ ಒಂದು ಅರ್ಜಿಯಿದೆ. ತಾಲ್ಲೂಕಿನ ಎಲ್ಲ ಭವನಗಳ ಕೀಲಿಕೈಗಳನ್ನು ಒಂದೆಡೆ ಇಡಲು ಸುಸಜ್ಜಿತ ಸಮುದಾಯ ಭವನವೊಂದನ್ನು ಮಂಜೂರು ಮಾಡಬೇಕು. ಜಾಗ ನೋಡಿದ್ದಾಗಿದೆ, ಭೂಮಿಪೂಜೆಗೆ ಮುಹೂರ್ತವೂ ಸಿಕ್ಕಿದೆ. ಅದರ ಕೀಲಿಕೈ ಯಾವ ಸಮಾಜದವರ ಕಡೆ ಇರಬೇಕೆಂಬ ಚರ್ಚೆಯಲ್ಲಿ ಕುರ್ಚಿಗಳು ಮುರಿದಿದ್ದರಿಂದ ಸಭೆಯನ್ನು ಮುಂದೂಡಲಾಗಿದೆ.