ಇದ್ದಲ್ಲೇ ಅಧಿಕಾರ ಕೊಡಿ, ಸ್ವಾಮಿ

ವಿಂಡೋಸ್ ವಿನ್ಯಾಸಕ ಮಹಾಶಯರಿಗೆ ನಮಸ್ಕಾರಗಳು.

2007ರಲ್ಲಿ ವಿಸ್ಟಾ ತಂದಾಗ ನೀವು ನಮಗೊಂದು ವೇದಾಂತ ಕಲಿಸಿದಿರಿ: ಅಡ್ಮಿನಿಸ್ಟ್ರೇಟರ್ ಆದವನೂ ಪರದೆ ಮಬ್ಬಾಗಿ, ಒಪ್ಪಿಗೆ ಒತ್ತುವ ತನಕ ಸಾಮಾನ್ಯ ಪ್ರಜೆಯೇ. ಎಕ್ಸ್‌ಪಿ ಕಾಲದಲ್ಲಿ ಮನೆಮಂದಿಯೆಲ್ಲ ಅಡ್ಮಿನ್ ಆಗಿ, ವೈರಸ್ಸೂ ಅದೇ ಗತ್ತಿನಲ್ಲಿ ಓಡಾಡಿದ್ದನ್ನು ಬಲ್ಲವರು ಈ ಕಾವಲನ್ನು ಬೈಯಲಾರರು. ನಮ್ಮ ತಕರಾರು ಏನಿದ್ದರೂ 'ಯೆಸ್' ಅಂದ ಮೇಲಿನ ಸತ್ಕಾರದ್ದು. ಕೆಲಸವಿರುವುದು ಡಿ ಡ್ರೈವಿನ ಒಂದು ಫೋಲ್ಡರಿನಲ್ಲಿ. ಸ್ಟಾರ್ಟ್ ಮೆನುವಿನಿಂದ ಅಡ್ಮಿನ್ ಕಮಾಂಡ್ ಪ್ರಾಂಪ್ಟ್ ತೆರೆದರೆ ನೀವು ಇಳಿಸುವುದು ವಿಂಡೋಸಿನ ಸಿಸ್ಟಮ್32 ಫೋಲ್ಡರಿನಲ್ಲಿ. ಊರ ಕೆರೆ ಹೂಳೆತ್ತಲು ಆದೇಶ ಪಡೆದವನನ್ನು ಗುದ್ದಲಿ ಸಮೇತ ಖಜಾನೆಯೊಳಗೆ ನಿಲ್ಲಿಸಿದ ಹಾಗಾಯಿತು. ಅಲ್ಲಿಂದ 'ಸಿಡಿ' ಎಂದು ಬರೆದು ಡಿ ಡ್ರೈವಿನ ದಾರಿ ಕೊಟ್ಟರೆ ತಪ್ಪೆಂದೂ ಹೇಳುವುದಿಲ್ಲ, ಕದಲುವುದೂ ಇಲ್ಲ. ಮಧ್ಯೆ 'ಸ್ಲ್ಯಾಶ್ ಡಿ' ಎಂಬ ಬೀಜಮಂತ್ರ ಬೇಕಂತೆ!

ಇದೆಲ್ಲ ಭದ್ರತೆಗಾಗಿ ಎನ್ನುತ್ತೀರಿ. ಮಾತಿನಲ್ಲಿ ಹುರುಳಿದೆ. ಕಮಾಂಡ್ ಪ್ರಾಂಪ್ಟ್ ಯಾವುದೇ ಪ್ರೋಗ್ರಾಮನ್ನು ಮೊದಲು ಹುಡುಕುವುದು ನಿಂತ ಫೋಲ್ಡರಿನಲ್ಲೇ. ಅಲ್ಲಿ ಯಾರಾದರೂ ಪರಿಚಿತ ಹೆಸರಿನ ದುಷ್ಟ ಕಡತ ಇಟ್ಟಿದ್ದರೆ ಅಡ್ಮಿನ್ ಅಧಿಕಾರದಲ್ಲೇ ಅದು ಓಡುತ್ತದೆ. ಆದರೆ ನಾವು ದಾರಿ ಟೈಪಿಸಿ ಕೊನೆಗೆ ತಲುಪುವುದು ಅದೇ ಫೋಲ್ಡರಿಗೆ ತಾನೆ? ಅಪಾಯ ಅಲ್ಲೇ ಕೂತಿರುತ್ತದೆ, ನಮ್ಮ ಬೆರಳು ಸವೆದಿರುತ್ತದೆ. ಅದೂ ಇರಲಿ, 2012ರ ವಿಂಡೋಸ್ 8ರಲ್ಲಿ ಎಕ್ಸ್‌ಪ್ಲೋರರಿನ ಫೈಲ್ ಮೆನುವಿನೊಳಗೆ, ಇದೇ ಫೋಲ್ಡರಿನಲ್ಲಿ ಅಡ್ಮಿನ್ ಆಗಿ ಪ್ರಾಂಪ್ಟ್ ತೆರೆಯುವ ಸಾಲನ್ನು ಹಾಕಿದವರು ನೀವೇ. 2017ರಲ್ಲಿ ಆ ಜಾಗಕ್ಕೆ ಪವರ್‌ಶೆಲ್ ಬಂತು; 2021ರ ವಿಂಡೋಸ್ 11ರಲ್ಲಿ ಆ ಮೆನುವೇ ಮಾಯ. ಈಗ ಬಲಕ್ಲಿಕ್ಕಿಗೆ 'ಓಪನ್ ಇನ್ ಟರ್ಮಿನಲ್' ಎಂಬ ಸಾಲು ಕಾಣುತ್ತದೆ, ಅದರಲ್ಲಿ ಅಡ್ಮಿನ್ ಎಂಬ ಸೊಲ್ಲೇ ಇಲ್ಲ.

ಬಲ್ಲವರು ಹೇಗೋ ದಾರಿ ಹುಡುಕಿಕೊಳ್ಳುತ್ತಾರೆ ಎನ್ನಬಹುದು. ಹುಡುಕಿಕೊಳ್ಳುತ್ತಾರೆ, ಭಯವಿರುವುದೇ ಅಲ್ಲಿ. ರಿಜಿಸ್ಟ್ರಿಯಲ್ಲಿ 'ರನ್‌ಆ್ಯಸ್' ಎಂಬ ಕೀ ಸೇರಿಸಿದರೆ ಬಲಕ್ಲಿಕ್ಕಿಗೆ ಆ ಅಡ್ಮಿನ್ ಸಾಲು ಬರುತ್ತದೆ. ಬಲ್ಲವರು ಕೈಯಾರೆ ಸೇರಿಸುತ್ತಾರೆ. ಉಳಿದವರು ಯಾರೋ ಬರೆದಿಟ್ಟ ರಿಜಿಸ್ಟ್ರಿ ಕಡತವನ್ನು ತಂದು, ಓದದೆ, ಎರಡು ಸಲ ಕ್ಲಿಕ್ಕಿಸಿ, ಮಬ್ಬು ಪರದೆಗೂ 'ಯೆಸ್' ಅನ್ನುತ್ತಾರೆ. ಇನ್ನೂ ರೋಸಿದವರು ಕಾವಲುಗಾರನನ್ನೇ ಮನೆಗೆ ಕಳಿಸುತ್ತಾರೆ. ನೀವು ಒಂದು ಸಾಲು ತೆಗೆದು ಗಳಿಸಿದ ಭದ್ರತೆ ಇಷ್ಟು.

ಇದ್ದಲ್ಲೇ ಅಡ್ಮಿನ್ ಅಧಿಕಾರ ಕೊಡುವ 'ಸುಡೋ' ಆಜ್ಞೆ ಕೊಟ್ಟಿದ್ದೇವಲ್ಲ ಎಂದೀರಿ. ಯುನಿಕ್ಸ್ ಮಂದಿ 1980ರ ಸುಮಾರಿಗೇ ಬರೆದುಕೊಂಡದ್ದನ್ನು 2024ರ 24ಎಚ್2 ಆವೃತ್ತಿಯಲ್ಲಿ ತಂದಿರಿ, ಸಂತೋಷ. ಅದನ್ನೂ ಬಾಯಿ ಮುಚ್ಚಿಸಿಯೇ ಕಳಿಸಿದ್ದೀರಿ. ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ಆನ್ ಮಾಡಬೇಕು.

ಆದ್ದರಿಂದ ವಿನಂತಿ: ಶಿಫ್ಟ್ ಒತ್ತಿದವರಿಗಷ್ಟೇ ಕಾಣಲಿ, ಮಬ್ಬು ಪರದೆ ತಪ್ಪದೆ ಬರಲಿ, ಬೇಕಾದರೆ ಎಚ್ಚರಿಕೆಯನ್ನು ಕೆಂಪಕ್ಷರದಲ್ಲೇ ಬರೆಯಿರಿ. ಆ ಒಂದು ಸಾಲನ್ನು ಮಾತ್ರ ಮೆನುವಿಗೆ ವಾಪಸು ಹಾಕಿ.

ಇಂತಿ,
ನಿಮ್ಮ ವಿಧೇಯ
ಸ್ಟ್ಯಾಂಡರ್ಡ್ ಯೂಸರ್